ಎದೆಮಟ್ಟದ ಹೊಸ್ತಿಲು

ನನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಎದೆಯ ಮಟ್ಟಕ್ಕೆ ಬೆಳೆದು ನಿಂತಿದ್ದ ನನ್ನ ಕೋಣೆಯ ಹೊಸ್ತಿಲನ್ನು ದಾಟಿ ನಾನು ಹೊರಗೆ ಬಂದೆ. ಸೊಂಟಕ್ಕಿಂತ ಮೇಲೆ ಏರಿದ ಹೊಸ್ತಿಲನ್ನು ತಮ್ಮ ಕಾಲಿನಿಂದಲೇ ದಾಟಿದವರು ಈ ಊರಿನಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ. ನನಗೀಗ ಎಂಬತ್ತೊಂದು. ಬಿನ್ನವತ್ತಳೆ ಬರೆಯುವುದು ನನ್ನ ವೃತ್ತಿ; ನಿವೃತ್ತರಾದ ಹೆಡ್‌ಮಾಸ್ಟರರಿಗೆ, ವರ್ಗವಾಗಿ ಹೊರಟ ಅಧಿಕಾರಿಗಳಿಗೆ, ಬಹುಮಾನ ಗೆದ್ದ ಭಜನಾ ಮಂಡಳಿಗಳಿಗೆ ಇನ್ನೂರಕ್ಕೂ ಹೆಚ್ಚು ಬರೆದುಕೊಟ್ಟಿದ್ದೇನೆ. ಆದರೆ ಪುರಭವನದ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿರುವುದು ನನ್ನನ್ನು ಕುರಿತದ್ದೊಂದೇ. "ಎದೆಯೆತ್ತರದ ಹೊಸ್ತಿಲನ್ನು ಒಂದೇ ನೆಗೆತಕ್ಕೆ ದಾಟಿ, ಕುಗ್ಗಿದ ಮನಸ್ಸುಗಳಿಗೆಲ್ಲ ದಾರಿ ತೋರಿದ ಧೀರರೇ" ಎಂಬ ಸಂಬೋಧನೆ ಅದರ ಮೂರನೆಯ ಸಾಲಿನಲ್ಲಿದೆ. ಶಾಲೆಯ ಮಕ್ಕಳಿಗೆ ಅದು ಬಾಯಿಪಾಠ. ವಾಕ್ಯದ ಲಯ ಚೆನ್ನಾಗಿದೆಯೆಂದು ಈಗಲೂ ಹೇಳಬಲ್ಲೆ. ಅದನ್ನು ಬರೆದವನೂ ನಾನೇ.

ನಮ್ಮ ಊರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕೋಣೆ, ಪ್ರತಿ ಕೋಣೆಗೂ ಒಂದು ಹೊಸ್ತಿಲು. ಒಂದು ಸೂರ್ಯೋದಯದಿಂದ ಮತ್ತೊಂದರೊಳಗೆ ಕೋಣೆಯವರು ಅದನ್ನು ದಾಟದಿದ್ದರೆ ಹೊಸ್ತಿಲು ಒಂದು ಬೆರಳು ಏರುತ್ತದೆ. ದಾಟಿದ ಗಳಿಗೆಯಲ್ಲಿ ನೆಲಕ್ಕೆ ಇಳಿಯುತ್ತದೆ. ಆದ್ದರಿಂದಲೇ ಇಲ್ಲಿ ಗಂಡಹೆಂಡಿರಿಗೂ ಬೇರೆ ಬೇರೆ ಕೋಣೆಗಳು. ಮನೆ ಎಷ್ಟೇ ಚಿಕ್ಕದಾದರೂ ಬಾಗಿಲುಗಳಿಗೆ ಕೊರತೆಯಿಲ್ಲ. ಜ್ವರ ಬಂದವರ ಹೊಸ್ತಿಲು ಏರುವುದಿಲ್ಲ. ಕಾಲು ಮುರಿದವರದು, ಬಾಣಂತಿಯರದು ಏರುವುದಿಲ್ಲ. ಯಾರದು ಏರುತ್ತದೆಂಬುದನ್ನು ಊರು ಬಾಯಿಬಿಟ್ಟು ಹೇಳದೆ ಅರಿತಿದೆ. ಗರಗಸ ಹಾಕಿ ಕೊಯ್ದರೆ ಬೆಳಗಾಗುವಷ್ಟರಲ್ಲಿ ಅದು ಕೊಯ್ದಷ್ಟನ್ನೂ ತುಂಬಿಕೊಂಡಿರುತ್ತದೆ. ಒಳಗೆ ಸ್ಟೂಲು ಇಟ್ಟುಕೊಟ್ಟರೆ ಕೋಣೆಯವರು ಹತ್ತಿ ನಿಂತಾಗ ಅವರಿಗೆ ಅದು ಮತ್ತೆ ಅಷ್ಟೇ ಎತ್ತರ. ಎತ್ತಿ ಹೊರಗೆ ಇಳಿಸಿದರೆ ಇಳಿಸಿದವರ ಬೆನ್ನು ನೋಯುತ್ತದೆಯೇ ಹೊರತು ಹೊಸ್ತಿಲು ಕದಲುವುದಿಲ್ಲ. ಏರುತ್ತ ಏರುತ್ತ ಬಾಗಿಲಿನ ಮೇಲುಪಟ್ಟಿಯನ್ನು ಮುಟ್ಟಿದರೆ ಅದು ಗೋಡೆಯಾಯಿತೆಂದೇ ಲೆಕ್ಕ. ಅಂಥ ಬಾಗಿಲುಗಳು ಊರಿನಲ್ಲಿ ಏಳಿವೆ. ಅವುಗಳ ಕಿಟಕಿಯಿಂದ ಊಟ ಹೋಗುತ್ತದೆ, ಖಾಲಿ ತಟ್ಟೆ ಬರುತ್ತದೆ. ಕೆಲವು ಕಾಲ ಕಳೆದ ಮೇಲೆ ತಟ್ಟೆ ತುಂಬಿಯೇ ಮರಳುತ್ತದೆ.

ನನ್ನ ಮೊಮ್ಮಗಳು ದಾಕ್ಷಾಯಿಣಿಯ ಹೊಸ್ತಿಲು ಈ ವರ್ಷ ಅವಳ ಹೆಗಲಿನವರೆಗೆ ಬಂದಿತು.

ದಾಕ್ಷಿಗೆ ಇಪ್ಪತ್ನಾಲ್ಕು ವರ್ಷ. ನಮ್ಮ ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಬಸ್ಸುಗಳ ಹೋಗುಬರುವಿಕೆಯನ್ನು ಸಾರುವ ಕೆಲಸ ಅವಳದು. ಅವಳ ಕಂಠ ಸ್ವಚ್ಛವಾದದ್ದು. ಪ್ರಯಾಣವಿಲ್ಲದವರೂ ಸುಮ್ಮನೆ ನಿಂತು ಕೇಳುತ್ತಿದ್ದರು. ಒಂದು ದಿನ ಮೂರನೆಯ ಅಂಕಣದ ಬಸ್ಸನ್ನು ಐದನೆಯದೆಂದು ಹೇಳಿಬಿಟ್ಟಳು. ಕಣ್ಣಿನ ಆಪರೇಷನ್ನಿಗೆ ಹೊರಟಿದ್ದ ಒಬ್ಬ ಮುದುಕಿ ಯಾವುದೋ ಊರಿಗೆ ಹೋಗಿ ಇಳಿದು, ಸಂಜೆಗೆ ಮರಳಿ ಬಂದಳು. ಮರುವಾರ ಆಪರೇಷನ್ನೂ ಆಯಿತು. ಆದರೆ ದಾಕ್ಷಿ ಆ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಎಲ್ಲರೂ ಆ ತಪ್ಪನ್ನೇ ಕಾರಣವೆಂದರು. ನಾನು ಹಾಗೆನ್ನಲಾರೆ, ಅದಕ್ಕೆ ಮೂರು ತಿಂಗಳ ಹಿಂದೆಯೇ ಅವಳ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತ್ತು, ನಸುಕಿಗೇ ಎಚ್ಚರವಾಗಿ ಸೂರು ನೋಡುತ್ತ ಮಲಗಿರುತ್ತಿದ್ದಳು, ತಲೆ ಬಾಚಿಕೊಳ್ಳುವುದಕ್ಕೂ ಯಾರಾದರೂ ನೆನಪಿಸಬೇಕಿತ್ತು. ಈ ಲಕ್ಷಣಗಳನ್ನು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಾನು ಕಂಡೂ ಕಾಣದಂತಿದ್ದೆ.

ಹೊಸ್ತಿಲು ಮೊಣಕಾಲಿಗೆ ಬಂದಾಗ ನಾನು ಎಂದಿನಂತೆ ಅವಳ ಬಾಗಿಲಿನ ಮುಂದೆ ನಿಂತು ನನ್ನ ನೆಗೆತದ ಕಥೆ ಹೇಳಿದೆ. ಅವಳು ಚಿಕ್ಕವಳಿದ್ದಾಗ ದಿನಾ ಸಂಜೆ "ಹಾರಿದ್ದು ಹೇಳು ತಾತ" ಎಂದು ಪಂಚೆ ಹಿಡಿದು ಎಳೆಯುತ್ತಿದ್ದಳು. ನಾನು ತೂಗುಮಣೆಯಿಂದ ಕೆಳಗೆ ಹಾರಿ ತೋರಿಸುತ್ತಿದ್ದೆ, ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಈ ಸಲ ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಹೊಸ್ತಿಲು ಸೊಂಟಕ್ಕೆ ಬಂದಾಗ ಮತ್ತೆ ಹೇಳಿದೆ. ಇನ್ನಷ್ಟು ಬಣ್ಣ ಕಟ್ಟಿ ಹೇಳಿದೆ. ಪ್ರತಿ ಬೆಳಿಗ್ಗೆ ಸೂರ್ಯ ಹುಟ್ಟಿದೊಡನೆ ಹೋಗಿ ಮೇಲುಪಟ್ಟಿಗೆ ಎಷ್ಟು ಬೆರಳು ಉಳಿದಿದೆಯೆಂದು ಅಳೆಯುತ್ತಿದ್ದೆ. ನಲವತ್ತು. ಮೂವತ್ತೊಂಬತ್ತು. ಮೂವತ್ತೆಂಟು. ಅಳೆದ ಮೇಲೆ ಒಂದೆಡೆ ಕೂರಲಾಗುತ್ತಿರಲಿಲ್ಲ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಗೆ, ಬೀದಿಯಿಂದ ಮತ್ತೆ ಅವಳ ಬಾಗಿಲಿಗೆ. ಪತ್ರಿಕೆ ಬಿಡಿಸಿದರೆ ಮೊದಲ ಸಾಲನ್ನೇ ನಾಲ್ಕು ಸಲ ಓದುತ್ತಿದ್ದೆ.

ಆಸ್ಪತ್ರೆಯಿಂದ ತಿಪ್ಪೇಶ ಎಂಬ ತರುಣ ಪ್ರತಿ ಮಂಗಳವಾರ ಬರುತ್ತಿದ್ದ. ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಮಾಡುವುದನ್ನು ಕಲಿತವನು. ಹೊಸ್ತಿಲಿನ ಹೊರಗೆ ಮಣೆ ಹಾಕಿಕೊಂಡು ಅರ್ಧ ಗಂಟೆ ಕೂತು ಹೋಗುತ್ತಿದ್ದ. ದಾಕ್ಷಿ ದೊಡ್ಡ ಡಾಕ್ಟರು ಕೊಟ್ಟ ಮಾತ್ರೆಗಳನ್ನೇನೋ ನುಂಗುತ್ತಿದ್ದಳು. ತಿಪ್ಪೇಶ ಕೊಟ್ಟ ನೋಟ್‌ಬುಕ್ಕನ್ನು ಮಾತ್ರ ಮುಟ್ಟಲಿಲ್ಲ. ಮೂರನೆಯ ಮಂಗಳವಾರ ಅವನು ಹೊರಟಾಗ ನಾನು ಬೀದಿಯ ತಿರುವಿನವರೆಗೂ ಅವನ ಹಿಂದೆಯೇ ಹೋದೆ.

"ಏನಪ್ಪಾ, ಏನಾದ್ರೂ ಗುಣ ಕಾಣ್ತಾ ಇದೆಯಾ?"

ಅವನು ಸೈಕಲ್ಲಿನ ಸ್ಟ್ಯಾಂಡು ಹಾಕಿ ನಿಂತ. "ಅಯ್ಯನವರೇ, ನಾನು ಮಾಡೋದು ದೊಡ್ಡ ವಿದ್ಯೆಯೇನಲ್ಲ. ಮನಸ್ಸು ಹೇಳಿದ್ದನ್ನೆಲ್ಲ ನಿಜ ಅಂತ ನಂಬೋಕೆ ಮೊದಲು ಒಂದ್ಸಲ ಪರೀಕ್ಷೆ ಮಾಡಿ ನೋಡೋದು. ಹುಷಾರಾದ ಮೇಲೆ ಮಾಡ್ತೀನಿ ಅಂತ ಕಾಯದೆ, ಸಣ್ಣದೊಂದು ಕೆಲಸ ಮೊದಲು ಮಾಡೋದು. ಅದನ್ನ ಬರೆದಿಡೋದು. ಅಷ್ಟೇ. ಆದ್ರೆ ಅವರು ಬರೆಯೋದಿಲ್ಲ ಅಂತಾರೆ."

"ಯಾಕಂತೆ?"

ಅವನು ಬೆಲ್ಲಿನ ಮೇಲೆ ಬೆರಳಾಡಿಸಿದ. "ಹೇಳಿದ್ರೆ ಬೇಜಾರು ಮಾಡ್ಕೋಬಾರದು. 'ನಮ್ಮ ತಾತ ಒಂದೇ ಸಲಕ್ಕೆ ಹಾರಿದ್ರು. ನನ್ನ ಕೈಲಿ ಆಗಲ್ಲ ಅಂದ್ರೆ ನನ್ನಲ್ಲೇ ಏನೋ ಇಲ್ಲ ಅಂತ ತಾನೇ? ಇಲ್ಲದ್ದನ್ನ ನೋಟ್‌ಬುಕ್ಕು ತಂದುಕೊಡುತ್ತಾ?' ಅಂತಾರೆ. ಇವರೊಬ್ಬರೇ ಅಲ್ಲ ಬಿಡಿ. ಆಸ್ಪತ್ರೆಗೆ ಬರೋರಲ್ಲಿ ಅರ್ಧ ಜನ ಇದನ್ನೇ ಹೇಳಿ ಎದ್ದು ಹೋಗ್ತಾರೆ. ಪುರಭವನದಲ್ಲಿರೋ ನಿಮ್ಮ ಬಿನ್ನವತ್ತಳೆ ನನಗೂ ಬಾಯಿಪಾಠ ಅಯ್ಯನವರೇ. ಶಾಲೇಲಿ ಕಲಿತಿದ್ದು."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಕ್ಕ ಉತ್ತರ ಕೊಟ್ಟು ಹಗುರಾಗಬಹುದಿತ್ತು.

ಅಲ್ಲಿಂದ ಮನೆಗೆ ಹೋಗಲಿಲ್ಲ. ಮಾರುಕಟ್ಟೆಯನ್ನು ಎರಡು ಸುತ್ತು ಹಾಕಿದೆ. ಏನನ್ನೂ ಕೊಳ್ಳದೆ ಅಂಗಡಿಗಳ ಮುಂದೆ ನಿಂತೆ. ಯಾರೋ "ನೆಗೆತದ ಗುರುಪಾದಯ್ಯನವರು" ಎಂದು ತಮ್ಮ ನೆಂಟರಿಗೆ ನನ್ನನ್ನು ತೋರಿಸಿದರು. ನಲವತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಆ ಹೆಸರು ಕೇಳಿ ನನ್ನ ಬೆನ್ನು ನೆಟ್ಟಗಾಗಲಿಲ್ಲ. ಕಾಲುಗಳು ತಾವಾಗಿಯೇ ಪುರಭವನಕ್ಕೆ ಎಳೆದುಕೊಂಡು ಹೋದವು. ಕಾವಲಿನ ಮುದ್ದಯ್ಯನನ್ನು ಒಂದು ಸ್ಟೂಲು ಕೇಳಿದೆ.

"ಒರೆಸೋಕಾ? ನಾನೇ ಒರೆಸ್ತೀನಿ ಬಿಡಿ."

"ಒರೆಸೋಕಲ್ಲ. ಕೆಳಗಿಳಿಸೋಕೆ."

"ಅದು ಹೆಂಗಾಗುತ್ತೆ ಅಯ್ನೋರೆ? ಪುರಸಭೆ ಆಸ್ತಿ ಅದು."

"ನನ್ನ ಹೆಸರಿರೋದು ಕಣಯ್ಯ ಅದರಲ್ಲಿ."

"ಹೆಸರು ನಿಮ್ಮದಿರಬೋದು, ಮೊಳೆ ಪುರಸಭೇದು. ಮೀಟಿಂಗಲ್ಲಿ ಪಾಸಾಗಬೇಕು." ಅವನು ಅನುಮಾನದಿಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಹುಷಾರಾಗಿದೀರಾ ತಾನೆ? ಮನೇಗೆ ಯಾರನ್ನಾದ್ರೂ ಜೊತೆ ಕಳಿಸಲಾ?"

ಮನೆಗೆ ಬಂದಾಗ ನನ್ನ ಹೆಂಡತಿ ಗಂಗಾಜಮ್ಮ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಎದುರಿನಲ್ಲಿ ನಾನು ಆರು ಸಲ ಅತ್ತಿಂದಿತ್ತ ನಡೆದೆ. ಏಳನೆಯ ಸಲಕ್ಕೆ ಅವಳು ಕಾಲು ಚಾಚಿ ದಾರಿಗೆ ಅಡ್ಡವಿಟ್ಟಳು.

"ರೀ, ಕೂತ್ಕೊಳ್ಳಿ. ಇಲ್ಲ ಇದನ್ನೂ ಹಾರಿ ತೋರಿಸಿ."

"ಗಂಗಾ, ಹಾಸ್ಯಕ್ಕೆ ಇದು ಸಮಯವಲ್ಲ."

"ನಾನೆಲ್ಲಿ ಹಾಸ್ಯ ಮಾಡಿದೆ? ನಲವತ್ತೆರಡು ವರ್ಷ ಬಾಯಿ ಮುಚ್ಕೊಂಡಿದೀನಿ. ಗಂಡಸರ ಮರ್ಯಾದೆ ಅಂತ ಮುಚ್ಕೊಂಡೆ. ಈಗ ಆ ಮಗು ಒಳಗೆ ಗೋಡೆಯಾಗ್ತಾ ಇದೆ. ನಿಮ್ಮ ಮರ್ಯಾದೆ ದೊಡ್ಡದೋ, ಅದು ದೊಡ್ಡದೋ?" ಅವಳು ಕೈಯ ಸೊಗಡನ್ನು ಸೆರಗಿಗೆ ಒರೆಸಿಕೊಂಡು ತನ್ನ ಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಮರಳಿ ಬಂದಾಗ ಅವಳ ಕೈಯಲ್ಲಿ ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿತ್ತು.

"ಇದನ್ನ ಹಂಡೆ ಒಲೆಗೆ ಹಾಕು ಅಂದಿದ್ದೆ ನಿನಗೆ."

"ಅಂದಿದ್ರಿ. ಆವತ್ತು ತೆಂಗಿನ ಚಿಪ್ಪಲ್ಲೇ ನೀರು ಕಾಯ್ತು."

ಇಷ್ಟು ಹೇಳಿದ ಮೇಲೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾನು ನೆಗೆಯಲಿಲ್ಲ. ಆ ನೀಲಿ ಪುಸ್ತಕವನ್ನು ಹಿಡಿದು ಹೋಗಿ, ದಾಕ್ಷಿಯ ಬಾಗಿಲಿನ ಮುಂದೆ ಮಣೆ ಹಾಕಿಕೊಂಡು ಕೂತು, ಎದ್ದು, ಮತ್ತೆ ಕೂತು, ಅದನ್ನೇ ಹೇಳಿದೆ. ಹೆಗಲೆತ್ತರದ ಹಲಗೆಯಾಚೆ ಅವಳು ಮಲಗಿದ್ದ ಮಂಚದ ಕಾಲು ಕೂಡ ನನಗೆ ಕಾಣುತ್ತಿರಲಿಲ್ಲ. ಮರಕ್ಕೆ ಮುಖ ಮಾಡಿ ಮಾತನಾಡುವವನಂತೆ ಹೇಳಿದೆ.

"ದಾಕ್ಷಿ, ನಾನು ಹಾರಲಿಲ್ಲ. ಐವತ್ತಮೂರು ದಿನ ಹಿಡಿಯಿತು."

ಮೊದಲಿನಿಂದ ಹೇಳತೊಡಗಿದೆ.

ಆ ಕಾಲದಲ್ಲಿ ಆಸ್ಪತ್ರೆಗೆ ಹೊಸದಾಗಿ, ಈಗ ತಿಪ್ಪೇಶ ಮಾಡುವಂಥದೇ ಚಿಕಿತ್ಸೆಗೆ, ಜುಲೇಖಾಬಾನು ಎಂಬಾಕೆ ಬಂದಿದ್ದರು. ನನ್ನ ಹೊಸ್ತಿಲು ಎದೆಮಟ್ಟಕ್ಕೆ ಬಂದಾಗ ಗಂಗಾಜಮ್ಮನೇ ಹೋಗಿ ಅವರನ್ನು ಕರೆತಂದಳು. ಆಕೆ ಹಲಗೆಯ ಮೇಲಿನಿಂದ ನನ್ನನ್ನು ನೋಡಿ, ಧೈರ್ಯ ತಂದುಕೊಳ್ಳಿ ಎನ್ನಲಿಲ್ಲ, ನಿಮಗೇನು ಕಡಿಮೆಯಾಗಿದೆ ಎಂದೂ ಕೇಳಲಿಲ್ಲ. "ಗುರುಪಾದಯ್ಯನವರೇ, ಈಗ ಮನಸ್ಸಲ್ಲಿ ಏನು ಓಡ್ತಾ ಇದೆ?" ಎಂದು ಕೇಳಿದರು. ಎಲ್ಲವೂ ವ್ಯರ್ಥ ಎಂದೆ. "ಅದು ತುಂಬ ದೊಡ್ಡದಾಯ್ತು. ನನ್ನ ನೋಟ್‌ಬುಕ್ಕಲ್ಲಿ ಹಿಡಿಸೋದಿಲ್ಲ. ಚಿಕ್ಕದು ಹೇಳಿ. ಇಲ್ಲಿ ಹೊರಗಡೆ ಸ್ಟೂಲ್ ಮೇಲೆ ನಿಮ್ಮ ಮನೆಯವರು ಕಾಫಿ ಇಟ್ಟಿದಾರೆ. ಕೈ ಚಾಚಿ ನೀವೇ ತಗೊಂಡ್ರೆ ಏನಾಗುತ್ತೆ?" ನಾನು ಹೇಳಿದ್ದನ್ನು ಅವರು ಎಡಗಡೆ ಬರೆಸಿದರು: ಕೈ ನಡುಗುತ್ತದೆ, ಲೋಟ ಬೀಳುತ್ತದೆ, ಗಂಗಾ ನಗುತ್ತಾಳೆ, ನಾನು ಯಾವುದಕ್ಕೂ ಬಾರದವನೆಂದು ಎಲ್ಲರಿಗೂ ತಿಳಿಯುತ್ತದೆ. ಬಲಗಡೆ ಖಾಲಿ ಬಿಡಿಸಿ, "ಈಗ ಕೈ ಚಾಚಿ" ಎಂದರು.

"ಚಾಚಿದೆ ಕಣಮ್ಮ," ಎಂದೆ ದಾಕ್ಷಿಗೆ. "ಕೈ ನಡುಗಿತು. ಲೋಟ ಬಿದ್ದೇಬಿಟ್ಟಿತು. 'ನೋಡಿದಿರಾ ಡಾಕ್ಟ್ರಮ್ಮ, ನಾನು ಹೇಳಲಿಲ್ಲವೇ?' ಎಂದೆ. ಅವರು, 'ಹೌದು, ಎರಡು ನಿಜವಾಯ್ತು. ಉಳಿದ ಎರಡು?' ಎಂದರು. ನಿಮ್ಮ ಅಜ್ಜಿ ನಗಲಿಲ್ಲ. ಒರೆಸುವ ಬಟ್ಟೆ ತಂದಳು, ಇನ್ನೊಂದು ಲೋಟ ಕಾಫಿ ತಂದಳು. ಬಲಗಡೆ ನಾನೇ ಬರೆದೆ: ಲೋಟ ಬಿತ್ತು. ಯಾರೂ ನಗಲಿಲ್ಲ. ಎರಡನೆಯ ಲೋಟ ಬಂತು, ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಮಾರನೆಯ ಬೆಳಿಗ್ಗೆ ಹೊಸ್ತಿಲು ಏರಿರಲಿಲ್ಲ. ಒಂದು ನೂಲಿನಷ್ಟು ಇಳಿದಿತ್ತು."

ಪೂರ್ತಿ ದಾಟಿದರೆ ಮಾತ್ರ ಹೊಸ್ತಿಲು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಂದು ತಲೆತಲಾಂತರದಿಂದ ಊರು ನಂಬಿತ್ತು. ಸಣ್ಣದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ನೂಲಿನಷ್ಟನ್ನು ಯಾರೂ ಅಳೆದಿರಲಿಲ್ಲ. ನಾವು ಅಳೆದೆವು. ಒಂದು ದಿನ ಕೈ ಹೊರಹಾಕಿ ಪತ್ರಿಕೆ ತೆಗೆದುಕೊಳ್ಳುವುದು. ಒಂದು ದಿನ ಹಲಗೆಯ ಮೇಲೆ ಗಲ್ಲವಿಟ್ಟು ಬೀದಿಯ ಕಡೆ ಐದು ನಿಮಿಷ ನೋಡುವುದು. ಒಂದು ದಿನ ಕಡ್ಲೆಪುರಿ ಗಾಡಿಯ ವೀರಭದ್ರಣ್ಣನಿಗೆ ಕೂಗಿ ಒಂದು ಮಾತು ಹೇಳುವುದು. ಪ್ರತಿಯೊಂದಕ್ಕೂ ಮೊದಲು ಎಡಗಡೆ, ಆಮೇಲೆ ಬಲಗಡೆ. ಒಮ್ಮೆ ಒಂದು ಬೆರಳು ಇಳಿಯಿತು, ಒಮ್ಮೆ ನಾಲ್ಕು, ಒಮ್ಮೊಮ್ಮೆ ಏನೂ ಇಲ್ಲ. ಹನ್ನೊಂದನೆಯ ದಿನ ಏನೂ ಆಗದೆ ನನಗೆ ರೋಸಿಹೋಯಿತು. ಭಾಷೆಯಲ್ಲಿ ದುಡಿಯುವವನಿಗೆ ಕೂಲಿಲೆಕ್ಕದಂಥ ಈ ಬರಹ ಎಂಥ ಅವಮಾನವೆಂದು ನೋಟ್‌ಬುಕ್ಕನ್ನು ಡಾಕ್ಟ್ರಮ್ಮನ ಮುಖಕ್ಕೇ ಎಸೆದೆ. ಮೂರು ದಿನ ಮುಸುಕೆಳೆದು ಮಲಗಿದೆ. ಹೊಸ್ತಿಲು ಮೂರು ಬೆರಳು ಏರಿತು. ನಾಲ್ಕನೆಯ ದಿನ ಆಕೆ ಬಂದು, ಕೂತು, ಅದೇ ನೋಟ್‌ಬುಕ್ಕು ಬಿಡಿಸಿದರು. "ಮೂರು ದಿನ ಮಲಗಿದ್ದಾಗ ಮನಸ್ಸು ಏನು ಹೇಳ್ತು?" ಇನ್ನು ನೀವು ಬರುವುದಿಲ್ಲ ಎಂದು ಹೇಳಿತು ಎಂದೆ. "ಬರೀರಿ ಎಡಗಡೆ." ಬರೆದೆ. "ಬಲಗಡೆ?" ನನ್ನ ಕೈಯಿಂದಲೇ ಬರೆಯಬೇಕಾಯಿತು: ಬಂದರು.

"ಐವತ್ತಮೂರನೆಯ ದಿನ ಹೊಸ್ತಿಲು ಗೇಣುದ್ದ ಉಳಿದಿತ್ತು," ಎಂದೆ. "ಮಧ್ಯಾಹ್ನ. ಕಾಲೆತ್ತಿ ಇಟ್ಟೆ, ಹೆಬ್ಬೆರಳು ಎಡವಿತು, ಗೋಡೆ ಹಿಡಿದು ನಿಂತೆ. ಅಷ್ಟೇ. ದಾಟಿದ ಮೇಲೆ ಅದು ನೆಲಕ್ಕೆ ಇಳಿಯಿತು, ಎಷ್ಟಿತ್ತೆಂದು ತೋರಿಸುವುದಕ್ಕೆ ಗುರುತೇ ಉಳಿಯಲಿಲ್ಲ. ನಿಮ್ಮ ಅಜ್ಜಿ ಅಲ್ಲಿಯವರೆಗೆ ಹಲಗೆ ಕಾಣದಂತೆ ಬಾಗಿಲಿಗೆ ಎದೆಮಟ್ಟದ ಪರದೆ ಕಟ್ಟಿದ್ದಳು. ಬೀದಿಯವರು ಕಡೆಯ ಸಲ ನೋಡಿದ್ದು ಎದೆಮಟ್ಟವನ್ನೇ. ನಾನು ಜಗುಲಿಗೆ ಬಂದಾಗ ವೀರಭದ್ರಣ್ಣ ಗಾಡಿ ಬಿಟ್ಟು ಓಡಿ ಬಂದು, 'ಹಾರ್‌ಬಿಟ್ರಾ ಅಯ್ನೋರೆ?' ಎಂದು ಕೇಳಿದ. ನಾನು ಹೂಂ ಎಂದೆ. ಅದೊಂದು ಹೂಂ. ತಿಂಗಳು ತುಂಬುವುದರೊಳಗೆ ಸನ್ಮಾನ ಮಾಡುತ್ತೇವೆಂದು ಪುರಸಭೆಯವರು ಬಂದರು. ಬಿನ್ನವತ್ತಳೆ ಬರೆಯುವವನು ಊರಿಗೆ ನಾನೊಬ್ಬನೇ."

ಸನ್ಮಾನದ ದಿನ ಜುಲೇಖಾಬಾನು ಮೂರನೆಯ ಸಾಲಿನಲ್ಲಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, "ಚೆನ್ನಾಗಿ ಬರೆದಿದೀರಿ. ನೋಟ್‌ಬುಕ್ಕಲ್ಲಿ ಬರೆದಿದ್ದು ಇದಕ್ಕಿಂತ ಚೆನ್ನಾಗಿತ್ತು," ಎಂದರು. ನಾನು ವಾಕ್ಯಶಿಲ್ಪದ ವಿಷಯವೆಂದು ತಿಳಿದು ಒಳಗೊಳಗೇ ಉರಿದುಕೊಂಡೆ. ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಅವರಿಗೆ ಯಾರೂ ಬಿನ್ನವತ್ತಳೆ ಬರೆಸಲಿಲ್ಲ. ನಾನೂ ಬರೆಯಲಿಲ್ಲ.

ಇದಿಷ್ಟನ್ನೂ ಹೇಳಿ ಮುಗಿಸಿದೆ. ಮಂಚ ಕಿರುಗುಟ್ಟಿತು. ಹಲಗೆಯ ಮೇಲೆ ದಾಕ್ಷಿಯ ಮುಖ ಕಾಣಿಸಿತು. ಎಷ್ಟು ದಿನಗಳ ಮೇಲೆ ಎದುರೆದುರು ನೋಡಿದೆನೋ. ಅವಳ ಕಣ್ಣುಗಳಲ್ಲಿ ನಾನು ನಿರೀಕ್ಷಿಸಿದ ಸಮಾಧಾನ ಇರಲಿಲ್ಲ.

"ಸುಳ್ಳು ಹೇಳ್ದೆಯಾ? ಇಷ್ಟು ವರ್ಷ?"

"ಹೇಳಿದೆ."

"ನಾನು ಹಾರೋಕೆ ಹೋಗಿದ್ದು ಗೊತ್ತಾ ನಿನಗೆ?" ಅವಳು ಹಿಂದೆ ಸರಿದು, ಲಂಗ ಸ್ವಲ್ಪ ಎತ್ತಿ ಮೊಣಕಾಲು ತೋರಿಸಿದಳು. ನಾನು ತುದಿಗಾಲಿನಲ್ಲಿ ನಿಂತು ನೋಡಿದೆ. ಎರಡರ ಮೇಲೂ ಹಳೆಯ, ಹೊಸ, ಹಳದಿ, ಕಪ್ಪು ಕಲೆಗಳು. "ನೀನು ಕಥೆ ಹೇಳಿ ಹೋದ ಮೇಲೆ ಪ್ರತಿ ಸಲ. ಗೋಡೆಯಿಂದ ಓಡಿ ಬಂದು. ಎಷ್ಟು ಸಲ ಅಂತ ಬಿಡು. ಬಿದ್ದಾಗೆಲ್ಲ ಅಂದ್ಕೊಂಡೆ, ತಾತನ ಮೊಮ್ಮಗಳಾಗೋಕೂ ನಾನು ಲಾಯಕ್ಕಿಲ್ಲ ಅಂತ. ಆ ಅಜ್ಜಿನ ಬೇರೆ ಊರಿಗೆ ಕಳಿಸ್ದೆ, ಇದೂ ಆಗ್ಲಿಲ್ಲ. ನೀನು ಹೊರಗಡೆ ನಿಂತು ಇನ್ನೂ ಚೆನ್ನಾಗಿ ಹೇಳ್ತಾನೇ ಇದ್ದೆ."

"ದಾಕ್ಷಿ, ನನ್ನದು ತಪ್ಪು..."

"ಹೋಗು ತಾತ. ನಿನ್ನ ದನಿ ಕೇಳೋಕೆ ಆಗ್ತಿಲ್ಲ. ಹೋಗು."

ಮುಖ ಮರೆಯಾಯಿತು. ಮಂಚ ಮತ್ತೆ ಕಿರುಗುಟ್ಟಿತು.

ಸಮರ್ಥನೆಗೆ ನನ್ನಲ್ಲಿ ವಾಕ್ಯಗಳಿಗೇನು ಬರ? ಹತ್ತಾರು ಬಾಯಿಗೆ ಬಂದವು. ಒಂದನ್ನೂ ಆಡಲಿಲ್ಲ, ಅಷ್ಟರಮಟ್ಟಿಗೆ ಬುದ್ಧಿ ಉಳಿದಿತ್ತು. ನೋಟ್‌ಬುಕ್ಕನ್ನು ಹಲಗೆಯ ಮೇಲಿಡಲು ಕೈಯೆತ್ತಿದವನು ತಡೆದುಕೊಂಡೆ. ಬಾಗಿಲಿನ ಪಕ್ಕದ ಗೋಡೆಯಲ್ಲಿ, ಹೊರಗಡೆ, ಅವಳು ಕೊಡೆ ತೂಗುಹಾಕುತ್ತಿದ್ದ ಗೂಟವಿದೆ. ನೋಟ್‌ಬುಕ್ಕಿನ ಬೆನ್ನಿಗಿದ್ದ ದಾರವನ್ನು ಅದಕ್ಕೆ ಸಿಕ್ಕಿಸಿದೆ. ಒಳಗಿನಿಂದ ತೆಗೆದುಕೊಳ್ಳಬೇಕಾದರೆ ಮೊಣಕೈಯವರೆಗೆ ತೋಳು ಹೊರಗೆ ಬರಬೇಕು. ಇದು ಜುಲೇಖಾಬಾನು ಕಲಿಸಿದ್ದು.

ಆ ದಿನದ ಮಿಕ್ಕ ಭಾಗ ಹೇಗೆ ಕಳೆಯಿತೋ ತಿಳಿಯದು. ಸಂಜೆಗೊಮ್ಮೆ ನೋಡಿದೆ, ನೋಟ್‌ಬುಕ್ಕು ಗೂಟದಲ್ಲೇ ಇತ್ತು. ಅರ್ಧ ಗಂಟೆಗೊಮ್ಮೆ ನೆವ ಹುಡುಕಿಕೊಂಡು ಆ ಕಡೆ ಹಾದುಹೋದೆ. ಗಿಡಕ್ಕೆ ನೀರು, ಕಾಣದ ಕನ್ನಡಕ, ಇಲ್ಲದ ಬೆಕ್ಕು. ಗಂಗಾಜಮ್ಮ, "ಬೆಕ್ಕು ಸತ್ತು ಎರಡು ವರ್ಷ ಆಯ್ತು ರೀ," ಎಂದಳು. ಊಟ ಸೇರಲಿಲ್ಲ. ಸತ್ಯ ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆಂದು ನಾನು ಕನಿಷ್ಠ ಮೂವತ್ತು ಬಿನ್ನವತ್ತಳೆಗಳಲ್ಲಿ ಬರೆದಿದ್ದೇನೆ. ಅದು ಹಾಗೆ ಆಗುವುದಿಲ್ಲ.

ಬೆಳಿಗ್ಗೆ ಸೂರ್ಯ ಹುಟ್ಟುವುದಕ್ಕೆ ಮೊದಲೇ ಹೋಗಿ ನಿಂತೆ. ಗೂಟ ಬರಿದಾಗಿತ್ತು. ಬೆಳಕು ಬಾಗಿಲಿಗೆ ಬಿದ್ದ ಮೇಲೆ ಮೇಲುಪಟ್ಟಿಯಿಂದ ಕೆಳಗೆ ಬೆರಳಿಟ್ಟು ಅಳೆದೆ. ನಿನ್ನೆ ಇಪ್ಪತ್ತಾರಿತ್ತು. ಇಂದು ಇಪ್ಪತ್ತಾರು, ಮತ್ತು ಇಪ್ಪತ್ತಾರನೆಯ ಬೆರಳಿಗೂ ಮರಕ್ಕೂ ನಡುವೆ ನೂಲಿನಷ್ಟು ಬೆಳಕು. ನನ್ನ ಬೆರಳೇ ಸೊರಗಿರಬೇಕೆಂದು ಎಡಗೈಯಿಂದ ಮತ್ತೊಮ್ಮೆ ಅಳೆದೆ.

"ಇಳಿದಿದೆ," ಎಂದು ಒಳಗಿನಿಂದ ದನಿ ಬಂತು. "ನಾನೂ ನೋಡ್ದೆ."

ಅಳೆಯುತ್ತಿದ್ದ ಬೆರಳನ್ನು ಮರದಿಂದ ತೆಗೆದೆ.

"ಎಂಟನೇ ದಿನ," ಅವಳು ಓದತೊಡಗಿದಳು. ಬಸ್ಸು ಸಾರುವ ಕಂಠ ಅದಾಗಿರಲಿಲ್ಲ. ಒರಟಾಗಿ, ಅಲ್ಲಲ್ಲಿ ತಡೆಯುತ್ತಿತ್ತು. "ಎಡಗಡೆ, 'ಹೊರಗೆ ಮುಖ ಹಾಕಿದರೆ ಬೀದಿಯೆಲ್ಲ ನನ್ನನ್ನೇ ನೋಡುತ್ತದೆ.' ಬಲಗಡೆ, 'ಒಂದು ಎಮ್ಮೆ ನೋಡಿತು.'" ಪುಟ ಮಗುಚಿದ ಸದ್ದು. "ತಾತ, ಇದು ನೀನೇ ಬರ್ದಿದ್ದಾ? ಇಷ್ಟು ಚಿಕ್ಕ ವಾಕ್ಯ ಬರೆಯೋಕೆ ಬರುತ್ತಾ ನಿನಗೆ?"

"ಬರುತ್ತಿತ್ತು," ಎಂದೆ. "ಆಮೇಲೆ ಮರೆತೆ."

ಅವಳು ನಗಲಿಲ್ಲ. ಆದರೆ ಎದ್ದು ಬಂದಳು. ಹಲಗೆಯ ಮೇಲೆ ನೋಟ್‌ಬುಕ್ಕಿಟ್ಟಳು. ಕಡೆಯ ಖಾಲಿ ಪುಟ ತೆರೆದಿತ್ತು. ತಲೆ ಬಾಚಿರಲಿಲ್ಲ, ಕಣ್ಣಿನ ಕೆಳಗೆ ಕಪ್ಪು ಹಾಗೆಯೇ ಇತ್ತು. ಕೋಪವೂ ಪೂರ್ತಿ ಹೋಗಿರಲಿಲ್ಲ. ತುಟಿಯ ಒಂದು ಮೂಲೆಯಲ್ಲಿ ಉಳಿದುಕೊಂಡಿತ್ತು. ಪುಟದ ನಡುವೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದಳು. ಗೆರೆ ಡೊಂಕಾಗಿತ್ತು. ಎಡಗಡೆ ಅವಳ ದುಂಡನೆಯ ಅಕ್ಷರಗಳು: 'ಹೋಗು ಅಂದುಬಿಟ್ಟೆ. ತಾತ ಇನ್ನು ಬರುವುದಿಲ್ಲ. ಬಂದರೂ ಕಥೆ ಹೇಳುವುದಿಲ್ಲ.' ಬಲಗಡೆ ಮೊದಲ ಸಾಲಿನಲ್ಲಿ ಆಗಲೇ 'ಬಂದರು' ಎಂದು ಬರೆದು, ಅದರ ಕೆಳಗೆ ಜಾಗ ಬಿಟ್ಟಿದ್ದಳು.

ನಾನು ಮಣೆಯನ್ನು ಹತ್ತಿರಕ್ಕೆಳೆದು ಕೂತೆ. ಎಷ್ಟೋ ದಿನಗಳ ಮೇಲೆ, ಕೂತವನು ಕೂತೇ ಇದ್ದೆ. ಗಂಟಲು ಸರಿಪಡಿಸಿಕೊಂಡು, ಅಭ್ಯಾಸಬಲದಿಂದ, "ನನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ..." ಎಂದು ಪ್ರಾರಂಭಿಸಿದೆ.

"ಅಲ್ಲಿಂದ ಬೇಡ ತಾತ," ಎಂದಳು ದಾಕ್ಷಿ, ಪೆನ್ಸಿಲನ್ನು ಖಾಲಿ ಜಾಗದ ಮೇಲೆ ಹಿಡಿದು. "ಲೋಟ ಬಿತ್ತಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳ್ತೀಯಾ?"